ಗಿಡ್ಡ ಆಟದ ಶರಣಪ್ಪ ಕಾಕಾ

ಶರಣಪ್ಪ ಕಾಕಾ ಮರಳು ತಟ್ಟುವುದನ್ನು ದೂರದಿಂದ ನೋಡಿದರೆ ಯಾರೋ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಮಂಡಿಯೂರಿ ಕೂತು, ಅಂಗೈ ಚಪ್ಪಟೆ ಮಾಡಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ತಟ್ಟುತ್ತಿದ್ದರು. ಆ ಮರಳಿಗೆ ಲಾರಿ ಶೆಡ್ಡಿನಿಂದ ತಂದ ಸುಟ್ಟ ಎಂಜಿನ್ ಆಯಿಲ್ ಬೆರೆಸಿರುತ್ತಿತ್ತು. ಆಯಿಲ್ ಇಲ್ಲದ ಮರಳನ್ನು ಲಿಂಗಂಪಲ್ಲಿಯ ಬೇಸಿಗೆ ಗಾಳಿ ಒಂದೇ ಮಧ್ಯಾಹ್ನದಲ್ಲಿ ಹಾರಿಸಿಬಿಡುತ್ತಿತ್ತು. ಹಾಗಾಗಿ ಅವರ ಕೈ ಮೊಣಕೈವರೆಗೂ ಸದಾ ಕಪ್ಪು. ಹಬ್ಬಕ್ಕೆ ನಮ್ಮ ಮನೆಗೆ ಊಟಕ್ಕೆ ಕರೆದರೆ ಇಟ್ಟಿಗೆ ಪುಡಿ ಹಾಕಿ ತಿಕ್ಕಿಕೊಂಡು ಬರುತ್ತಿದ್ದರು. ಆದರೂ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇರುತ್ತಿತ್ತು. ಹೋಳಿಗೆ ಮುರಿಯುವಾಗ ನಾಚಿಕೊಂಡು ಎಡಗೈಯಲ್ಲಿ ಬಲಗೈ ಮರೆಮಾಡುತ್ತಿದ್ದರು.

ಅವರು ತಟ್ಟುತ್ತಿದ್ದದ್ದು ಗಾಲ್ಫ್ ಮೈದಾನಕ್ಕಾಗಿ. ಹೇಳಿದರೆ ಈಗ ಯಾರೂ ನಂಬುವುದಿಲ್ಲ. ಆಂಧ್ರ ಇನ್ನೂ ಒಂದೇ ರಾಜ್ಯವಾಗಿದ್ದ, ಲಿಂಗಂಪಲ್ಲಿ ದಾಟಿದರೆ ಬಂಡೆ, ಸೀತಾಫಲದ ಪೊದೆ, ಕೆಂಪು ಮಣ್ಣು ಬಿಟ್ಟು ಬೇರೇನೂ ಇಲ್ಲದ ಕಾಲ. ನಮ್ಮಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಸಣ್ಣ ಅಧಿಕಾರಿ, ನಾವು ರಾಯಚೂರಿನವರು. ಶರಣಪ್ಪ ಕಾಕಾ ಕುಷ್ಟಗಿ ಕಡೆಯವರು, ಕಾರ್ಖಾನೆಯ ಕಾಲೊನಿಗೆ ನೀರು ಬಿಡುವ ಪಂಪ್‌ಹೌಸಿನ ಮೇಲ್ವಿಚಾರಕರು. ಮದುವೆಯಾಗಿರಲಿಲ್ಲ. ಹರೆಯದಲ್ಲಿ ಸಿಕಂದರಾಬಾದಿನ ಕಡೆ ಸೈನ್ಯದ ಅಧಿಕಾರಿಗಳು ಆಡುವ ದೊಡ್ಡ ಗಾಲ್ಫ್ ಮೈದಾನದಲ್ಲಿ ಹನ್ನೊಂದು ವರ್ಷ ಹುಲ್ಲಿಗೆ ರೋಲರ್ ಎಳೆದಿದ್ದರಂತೆ. ಆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವರಿಗೆ ಚೆಂಡು ಹೊಡೆಯಲು ಬಿಟ್ಟಿರಲಿಲ್ಲ. ಅದನ್ನು ಅವರು ಕಹಿಯಿಂದ ಹೇಳುತ್ತಿರಲಿಲ್ಲ. "ಹನ್ನೊಂದು ವರ್ಷ ನೋಡೀನಿ, ಅದಕ್ಕ ಹೊಡಿಯೂದು ಕಣ್ಣಿಗೇ ಬಂದುಬಿಟ್ಟೈತಿ" ಅನ್ನುತ್ತಿದ್ದರು.

ಕಾಲೊನಿಯ ಹಿಂದೆ ನೀರಿನ ಟ್ಯಾಂಕಿಗೂ ಬೇಲಿಗೂ ನಡುವೆ ಬಿದ್ದಿದ್ದ ಬರಡು ಜಾಗವನ್ನು ಅವರು ಅಪ್ಪಣೆ ಪಡೆದು ಒಬ್ಬರೇ ಹಸನು ಮಾಡಿದರು. ಒಂಬತ್ತು ಕುಳಿ. ಪ್ರತಿ ಕುಳಿಗೂ ಹಾಲಿನ ಪುಡಿಯ ಡಬ್ಬಿ ಹೂತಿದ್ದರು, ಸುತ್ತ ಹುಲ್ಲಿನ ಬದಲು ಆ ಆಯಿಲ್ ಮರಳು ತಟ್ಟಿದ್ದರು, ಹಳೆ ಸೀರೆ ಹರಿದು ಬಾವುಟ ಕಟ್ಟಿದ್ದರು. ಎಲ್ಲಕ್ಕಿಂತ ಹತ್ತಿರದ ಕುಳಿ ನಲವತ್ತು ಹೆಜ್ಜೆ, ಎಲ್ಲಕ್ಕಿಂತ ದೂರದ್ದು ನೂರಾ ಇಪ್ಪತ್ತು. ಎಲ್ಲಿಂದ ಹೊಡೆದರೂ ಮೂರು ಏಟಿಗೆ ಚೆಂಡು ಡಬ್ಬಿಯೊಳಗೆ ಬೀಳಬೇಕು ಅನ್ನುವುದು ಲೆಕ್ಕ. ಕಂಟೋನ್ಮೆಂಟಿನಲ್ಲಿ ಬಿಸಾಡಿದ ಕೋಲುಗಳನ್ನು ತಂದು, ಮಕ್ಕಳಿಗೆ ಗಿಡ್ಡ, ಹೆಂಗಸರಿಗೆ ಹಗುರ ಅಂತ ಕತ್ತರಿಸಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದರು.

"ದೊಡ್ಡ ಮೈದಾನದಾಗ ಹೊಸಬರು ಏನ್ ಮಾಡ್ತಾರ ಗೊತ್ತೈತೇನು?" ಎಂದು ನನಗೊಮ್ಮೆ ಹೇಳಿದ್ದರು. "ಹೊಡೀತಾರ, ಹೊಡೀತಾರ, ಚೆಂಡು ಅಲ್ಲೇ ಕುಂತಿರ್ತೈತಿ. ಹಿಂದ ನಾಲ್ಕು ಮಂದಿ ನಿಂತು ನೋಡಾಕತ್ತಿರ್ತಾರ. ನಾಚಿಕಿ ಆಗಿ ಮನಿಗೆ ಹೋದವರು ಮತ್ತ ಬರಂಗಿಲ್ಲ. ನಮ್ಮದು ಗಿಡ್ಡ ಆಟ. ಇಲ್ಲಿ ಎಂಥಾ ಹೊಸಬರು ಹೊಡೆದ್ರೂ ಬಾವುಟ ಕಣ್ಣಿಗೆ ಕಾಣತೈತಿ. ಅಜ್ಜಿ ಮೊಮ್ಮಗಳು ಕೂಡೇ ಆಡಬಹುದು. ಅನ್ನಕ್ಕ ಇಡೂದ್ರೊಳಗ ಆಟ ಮುಗೀತೈತಿ."

ನಿಜವಾಗಿಯೂ ಹಾಗೇ ಇತ್ತು. ಸಂಜೆ ಐದಕ್ಕೆ ಕಾಲೊನಿ ಅಲ್ಲಿಗೆ ಬರುತ್ತಿತ್ತು. ತೆಲುಗಿನ ಅಜ್ಜಿಯೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಲನ್ನು ಒನಕೆಯ ಹಾಗೆ ಎತ್ತಿ ಇಳಿಸುತ್ತಿದ್ದರು. ಚೆಂಡು ಹೇಗೋ ಡಬ್ಬಿ ಸೇರುತ್ತಿತ್ತು. ಫಿಟ್ಟರ್ ಒಬ್ಬರ ಹೆಂಡತಿ ಬುರ್ಖಾದಲ್ಲೇ ಬಂದು ಆಡುತ್ತಿದ್ದರು, ಗಂಡನಿಗಿಂತ ಚೆನ್ನಾಗಿ. ಕಾಕಾ ಅವರದು ಎರಡೇ ಕಟ್ಟಳೆ. ಯಾರದೇ ಏಟು ತಪ್ಪಿದರೂ ನಗಬಾರದು. ಉದ್ದ ಕೋಲು ತರಬಾರದು.

ಎರಡನೆಯ ಕಟ್ಟಳೆಯಿಂದ ಒಂದು ದಿನ ಜಗಳವಾಯಿತು. ಕಾರ್ಖಾನೆಯ ಡೆಪ್ಯುಟಿ ಮ್ಯಾನೇಜರ್ ಒಬ್ಬರು ಕೋಲುಗಳ ಪೂರ್ತಿ ಚೀಲ ಹೊತ್ತುಕೊಂಡು ಬಂದು, ಮರದ ತಲೆಯ ಉದ್ದ ಕೋಲು ತೆಗೆದು ಬೀಸಲು ನಿಂತರು. ಎದುರಿಗೆ ಮೂರನೇ ಕುಳಿಯ ಹತ್ತಿರ ಮಕ್ಕಳಿದ್ದವು. ಕಾಕಾ ಓಡಿ ಹೋಗಿ ಚೆಂಡಿನ ಮುಂದೆಯೇ ನಿಂತುಬಿಟ್ಟರು.

"ಸಾಹೇಬ್ರ, ಕೂಸುಗೋಳು ಅದಾವು. ಇದನ್ನ ಇಲ್ಲಿ ಹೊಡಿಯಾಕ ಬರಂಗಿಲ್ರಿ."

ಸಾಹೇಬರ ಮುಖ ಕೆಂಪಾಯಿತು. ಚೀಲ ಹೆಗಲಿಗೇರಿಸಿ ಹೊರಡುವ ಮೊದಲು ಹಿಂದಿಯಲ್ಲಿ ಒಂದು ಮಾತು ಹೇಳಿದರು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು: ಈ ಜಾಗದಲ್ಲಿ ಒಬ್ಬರಿಗೆ ಪೆಟ್ಟಾಗಲಿ, ಅದೇ ದಿನ ನಾನಿದನ್ನು ಮುಚ್ಚಿಸುತ್ತೇನೆ.

ನಮ್ಮ ಅವ್ವ ಆ ಮೈದಾನಕ್ಕೆ ಬಂದದ್ದು ಬೇರೆ ಕಥೆ. ಅದನ್ನು ಹೇಳದೆ ಕಾಕಾನ ಬಗ್ಗೆ ಹೇಳಲಾಗುವುದಿಲ್ಲ.

ನನಗೊಬ್ಬ ತಮ್ಮನಿದ್ದ. ಎರಡು ವರ್ಷದವನು, ಜ್ವರ ಬಂದು ಹೋಗಿಬಿಟ್ಟ. ಜ್ವರ ಬಂದ ದಿನ ಅವ್ವ "ನಾಳೆ ನೋಡೋಣ" ಅಂದಿದ್ದಳು. ಮರುದಿನ ಆಸ್ಪತ್ರೆಗೆ ಒಯ್ಯುವಾಗ ಮಗು ಸೆಟೆದುಕೊಳ್ಳತೊಡಗಿತ್ತು. ಅದಾದ ಮೇಲೆ ಅವ್ವ ಮುಂಬಾಗಿಲು ದಾಟುವುದನ್ನೇ ಬಿಟ್ಟಳು. ಅರಿಶಿನ ಕುಂಕುಮಕ್ಕೆ ಕರೆದರೆ ಹೋಗುತ್ತಿರಲಿಲ್ಲ, ಸಂತೆಗೆ ಅಪ್ಪನೇ ಹೋಗುತ್ತಿದ್ದರು. ಹಿಂಬಾಗಿಲಲ್ಲಿ ಕಂಬಕ್ಕೊರಗಿ ಕೂತಿರುತ್ತಿದ್ದಳು. ಹೀಗೆ ಮೂರು ವರ್ಷ ಕಳೆದಿತ್ತು.

ನಮ್ಮ ಹಿತ್ತಲಿನ ಗೋಡೆಯಾಚೆ ಆರನೇ ಕುಳಿ. ತಪ್ಪಿದ ಚೆಂಡುಗಳು ನಮ್ಮ ಹಿತ್ತಲಿಗೆ ಬೀಳುತ್ತಿದ್ದವು. ಕಾಕಾ ಗೋಡೆಯಾಚೆಯಿಂದ, ಅತ್ತಿಗೆಯನ್ನು ಕರೆಯುವ ಹಾಗೆ, "ವೈನಿ, ಚೆಂಡು ಬಂದೈತೇನ್ರಿ?" ಅಂತ ಕೇಳಿದರೆ ಅವ್ವ ಎದ್ದು, ಹುಡುಕಿ, ಮಾತಾಡದೆ ಎಸೆಯುತ್ತಿದ್ದಳು. ಒಂದು ದಿನ ಕಾಕಾ ಗೋಡೆಯ ಮೇಲೆ ಒಂದು ಕೋಲು ಇಟ್ಟು ಹೋದರು.

"ಕೈಲೆ ಒಗೀಬ್ಯಾಡ್ರಿ ವೈನಿ, ಭುಜ ನೋಯ್ತೈತಿ. ಇದರಲೇ ದಾಟಿಸ್ರಿ."

ಕೋಲು ನಾಲ್ಕು ದಿನ ಅಲ್ಲೇ ಇತ್ತು. ಐದನೆಯ ದಿನ ಸ್ಕೂಲಿನಿಂದ ಬಂದಾಗ ಹಿತ್ತಲಿನಲ್ಲಿ ಟಕ್ ಅಂತ ಸದ್ದು ಕೇಳಿ ಓಡಿಹೋದೆ. ಅವ್ವ ಸೆರಗು ಬಿಗಿದು ನಿಂತಿದ್ದಳು. ಚೆಂಡು ಗೋಡೆ ದಾಟಿ ಹೋಗಿತ್ತು. ಆಚೆಯಿಂದ ಕಾಕಾ ಕೂಗಿದರು, "ಬಾವುಟದ ಬಾಜೂಕ ಬಿತ್ತು ನೋಡ್ರಿ!" ಅವ್ವ ನನ್ನ ಕಡೆ ನೋಡಿದಳು. ಮೂರು ವರ್ಷದ ಮೇಲೆ ಅವಳ ಹಲ್ಲು ಕಂಡೆ.

ಆಮೇಲೆ ಅವ್ವ ಮೈದಾನಕ್ಕೇ ಬರತೊಡಗಿದಳು. ಮೊದಲು ಯಾರೂ ಇಲ್ಲದ ಹೊತ್ತಿಗೆ, ಆಮೇಲೆ ಎಲ್ಲರ ಜೊತೆಗೆ. ತೆಲುಗು ಅಜ್ಜಿಯೊಂದಿಗೆ ಉಪ್ಪಿನಕಾಯಿಯ ಮಾತು, ಫಿಟ್ಟರ್ ಹೆಂಡತಿಯೊಂದಿಗೆ ಹೊಲಿಗೆಯ ಮಾತು. ಅಪ್ಪ ಊಟ ಮಾಡುತ್ತ ಅವ್ವನ ಮುಖವನ್ನು ಕದ್ದು ಕದ್ದು ನೋಡುತ್ತಿದ್ದರು. ಆ ಚಳಿಗಾಲ ನಮ್ಮ ಮನೆಯಲ್ಲಿ ಮತ್ತೆ ಒಗ್ಗರಣೆಯ ವಾಸನೆಯ ಜೊತೆ ಮಾತೂ ಇತ್ತು.

ನನಗಾಗ ಹದಿನೈದು. ಅದು ಫೆಬ್ರವರಿಯ ಒಂದು ಸಂಜೆ. ನಾಲ್ಕನೇ ಕುಳಿ, ಎಪ್ಪತ್ತು ಹೆಜ್ಜೆ. ಅವ್ವ ಹೊಡೆಯಲು ನಿಂತಿದ್ದಳು, ನಾನು ಅವಳ ಹಿಂದೆ. ಬೇರೆಯವರೆಲ್ಲ ಟ್ಯಾಂಕಿನ ಆಚೆ ಏಳನೇ ಕುಳಿಯಲ್ಲಿದ್ದರು. ಕಾಕಾ ಎಂದಿನಂತೆ ಬಾವುಟ ಹಿಡಿದು ಕುಳಿಯ ಪಕ್ಕ ನಿಂತಿದ್ದರು. ಹೊಸಬರಿಗೆ ಗುರಿ ಸಿಗಲಿ ಅಂತ ಅವರು ಯಾವಾಗಲೂ ಹಾಗೇ ನಿಲ್ಲುತ್ತಿದ್ದರು. "ನನ್ನ ನೋಡಿ ಹೊಡೀರಿ ವೈನಿ!" ಎಂದು ಕೂಗಿದರು. ಇಳಿಬಿಸಿಲು ನಮ್ಮ ಬೆನ್ನಿಗಿತ್ತು, ಅವರ ಕಣ್ಣಿಗಿತ್ತು.

ಅವ್ವ ಅವತ್ತು ಹೊಡೆದಂಥ ಏಟು ಅದಕ್ಕೆ ಮೊದಲು ಎಂದೂ ಹೊಡೆದಿರಲಿಲ್ಲ. ಚೆಂಡು ಎಲ್ಲೂ ಓರೆಯಾಗದೆ ಹೋಯಿತು. ಬಿಸಿಲಿನಲ್ಲಿ ಕಾಕಾಗೆ ಅದು ಕಾಣಲಿಲ್ಲ. ಅವರು ಬಾವುಟದ ಕೋಲು ಹಿಡಿದುಕೊಂಡೇ ಮಂಡಿಯ ಮೇಲೆ ಕುಸಿದರು.

ನಾವು ಓಡಿಹೋಗುವಷ್ಟರಲ್ಲಿ ಎದ್ದು ನಿಂತಿದ್ದರು. ಬಲಗಣ್ಣಿನ ಮೇಲೆ ಅಂಗೈ. ನಗುತ್ತಿದ್ದರು.

"ಇನ್ನೊಂದು ಸ್ವಲ್ಪ ಈ ಕಡೆ ಬಂದಿದ್ರ ಒಂದೇ ಏಟಿಗೆ ಡಬ್ಬ್ಯಾಗ ಬೀಳ್ತಿತ್ತು ವೈನಿ!"

ಅವ್ವ ಹತ್ತಿರ ಬಂದಳು. "ಕೈ ತಗೀರಿ, ನೋಡ್ತೀನಿ" ಅಂದಳು.

"ಹುಬ್ಬಿಗೆ ತಾಕೈತಿ ಅಷ್ಟ. ನೀವು ಮನಿಗೆ ಹೋಗ್ರಿ, ಛಾ ಕುದಿಯಾಕ ಇಡ್ರಿ. ನಾ ಇಲ್ಲೇ ದವಾಖಾನಿಗೆ ಹೋಗಿ ಪಟ್ಟಿ ಹಚ್ಚಿಸ್ಕೊಂಡು ಬರ್ತೀನಿ. ಸುಮಿ ಬರ್ತಾಳ ನನ್ನ ಜೋಡಿ" ಎಂದು ನನ್ನ ಕಡೆ ನೋಡಿದರು.

ಕಾಲೊನಿಯ ದವಾಖಾನೆಗೆ ಹತ್ತು ನಿಮಿಷದ ದಾರಿ. ಅವ್ವ ಮರೆಯಾದ ಮೇಲೆ ಅವರ ನಗು ನಿಂತಿತು. ನನ್ನ ಭುಜ ಹಿಡಿದುಕೊಂಡರು. ಅವರ ಕೈ ಒದ್ದೆಯಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಹೇಳಿದರು:

"ಡಾಕ್ಟರ್ ಕೇಳಿದ್ರ ಪಂಪ್‌ಹೌಸ್ ಹತ್ರ ಸೀತಾಫಲದ ಟೊಂಗಿ ಬಡೀತು ಅನ್ನು."

"ಯಾಕ ಕಾಕಾ?"

"ಆಟದಾಗ ಪೆಟ್ಟಾತು ಅಂದ್ರ ಬಂದ್ ಮಾಡಿಸ್ತಾರ. ಆ ಸಾಹೇಬ ಹೇಳಿದ್ದು ಕೇಳಿಯಿಲ್ಲ? ಬಂದ್ ಆದ್ರ ನಿಮ್ಮವ್ವಾರು ಮತ್ತ ಒಳಗ ಹೋಗಿ ಕುಂದರ್ತಾರ. ಆಮ್ಯಾಲ ಯಾರು ಕರದ್ರೂ ಬರಂಗಿಲ್ಲ."

ಡಾಕ್ಟರು ಒಳ್ಳೆಯ ಮನುಷ್ಯ. ಕಾಕಾ ಹೇಳಿದ್ದನ್ನು ಕೇಳಿ, ಟಾರ್ಚ್ ಬಿಟ್ಟು ನೋಡಿದರು. ಕಾಂಪೌಂಡರ್ ಕಾಕಾನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಾಗ ನನ್ನನ್ನು ಹತ್ತಿರ ಕರೆದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು: ನೀನು ಜೊತೆಗಿದ್ದೆಯಲ್ಲ ತಾಯಿ, ಟೊಂಗೆಯೇ ತಾಕಿದ್ದಾ? ಗಟ್ಟಿಯಾದದ್ದು ಏನಾದರೂ ಬಡಿದಿದ್ದರೆ ಹೇಳು. ಹಾಗಿದ್ದರೆ ಇವರನ್ನು ಇವತ್ತೇ ಸಿಟಿಗೆ ಕಳಿಸಬೇಕು.

ಇವತ್ತೇ ಅಂದರು. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು, ಅರ್ಥವೂ ಆಯಿತು. ಹಿಂಬಾಗಿಲಲ್ಲಿ ಕಂಬಕ್ಕೊರಗಿ ಕೂತ ಅವ್ವ ನನ್ನ ಕಣ್ಣ ಮುಂದೆ ಬಂದಳು.

"ಟೊಂಗೆಯೇ" ಅಂದೆ.

ಮುಲಾಮು ಹಚ್ಚಿ ಪಟ್ಟಿ ಕಟ್ಟಿ ಕಳಿಸಿದರು. ಕಾಕಾ ನಮ್ಮ ಮನೆಗೆ ಬಂದು ಅವ್ವ ಕೊಟ್ಟ ಛಾ ಕುಡಿದು, ಎರಡು ತಮಾಷೆಯ ಮಾತಾಡಿ ಹೋದರು. ಮರುದಿನ ಪಟ್ಟಿ ಕಟ್ಟಿಕೊಂಡೇ ಮರಳು ತಟ್ಟಿದರು. ಅವ್ವನೂ ಬಂದು ಆಡಿದಳು. ಅವರೇ ಒತ್ತಾಯ ಮಾಡಿ ಆಡಿಸಿದರು. ಐದನೆಯ ದಿನ ಬೆಳಿಗ್ಗೆ ಅಪ್ಪನ ಹತ್ತಿರ ಬಂದು, "ರಾಯರ, ಕಣ್ಣಿಗೆ ಅಡ್ಡ ಪರದೆ ಇಳದಂಗ ಆಗೈತ್ರಿ, ಅರ್ಧ ಏನೂ ಕಾಣವಲ್ದು" ಅಂದರು. ಅಪ್ಪ ಬಸ್ಸು ಹತ್ತಿಸಿ ಸಿಟಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಪ್ಪ ಮರಳಿ ಬಂದಾಗ ನಾವು ಅಡುಗೆಮನೆಯಲ್ಲಿದ್ದೆವು. ಚಪ್ಪಲಿ ಬಿಡದೆಯೇ ಬಾಗಿಲಲ್ಲಿ ನಿಂತು ಹೇಳಿದರು.

"ಕಣ್ಣು ಹೋತು. ಒಳಗಿನ ಪರದಾ ಹರದದ ಅಂತ. ಪೆಟ್ಟು ಬಿದ್ದ ದಿನಾನೇ ಬಂದಿದ್ರ ಏನರ ಮಾಡಬಹುದಿತ್ತು ಅಂದ್ರು. ಇಂಥಾ ಪೆಟ್ಟು ಟೊಂಗಿದಲ್ಲ ಅಂತ ಡಾಕ್ಟರ್ ಬೈದ್ರು."

ಅವ್ವ ನನ್ನ ಕಡೆ ತಿರುಗಿದಳು. "ನೀ ಹೋಗಿದ್ದೆಲ್ಲ ಜೋಡಿ? ನೀ ಹೇಳಲಿಲ್ಲೇನು?"

ನಾನು ಇದ್ದದ್ದನ್ನೆಲ್ಲ ಹೇಳಿದೆ. ಕಾಕಾ ಹೇಳಿಕೊಟ್ಟದ್ದು, ಡಾಕ್ಟರು ಕೇಳಿದ್ದು, ನಾನು ಅಂದದ್ದು. ಅವ್ವ ಬೈಯಲಿಲ್ಲ. ಒಲೆಯ ಮೇಲಿನ ಸಾರು ಕೆಳಗಿಳಿಸಿದಳು, ಕೈ ಒರೆಸಿಕೊಂಡಳು, ಹೋಗಿ ಹಿಂಬಾಗಿಲ ಚಿಲಕ ಹಾಕಿದಳು.

ಹದಿನೈದು ದಿನದ ಮೇಲೆ ಕಾಕಾ ಬಂದರು. ಬಲಗಣ್ಣು ಬೆಳ್ಳಗಾಗಿತ್ತು. ಹೊಸ್ತಿಲ ಹೊರಗೇ ನಿಂತರು. ಅವ್ವ ಒಳಕೋಣೆಯಲ್ಲಿ, ಬಾಗಿಲು ಮುಂದಕ್ಕೆ ದೂಡಿಕೊಂಡಿದ್ದಳು. ನಾನು ನಡುವೆ ನಿಂತಿದ್ದೆ.

"ವೈನಿ, ಮರಳು ತಟ್ಟಾಕ ಒಂದು ಕಣ್ಣು ಸಾಕ್ರಿ ನನಗ. ನೀವು ಬರ್ರಿ. ಅಜ್ಜಿ ದಿನಾ ಕೇಳ್ತಾರ."

ಕಾಕಾ ಹೊಸ್ತಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದರು.

"ತಪ್ಪು ನಂದು. ಬಿಸಿಲಿಗೆ ಮುಖ ಮಾಡಿ ನಿಂತವ ನಾನು. ನೀವೇನು ಬೇಕಂತ ಹೊಡದ್ರೇನು?"

ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. "ಕೂಸಿಗೂ ಹಿಂಗೇ ತಡಾ ಆತು, ಶರಣಪ್ಪನವರ. ನನ್ನ ಕೈಯಾಗ ಇದು ಎರಡನೇದು. ನೀವು ಹೋಗ್ರಿ."

ಅವರು ಹೋದರು. ಆದರೆ ಬರುವುದನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಬಂದು ಹೊಸ್ತಿಲಲ್ಲಿ ನಿಂತು, "ವೈನಿ, ಆಟ ಶುರು ಆಗಾಕತ್ತೈತ್ರಿ" ಎಂದು ಒಂದೇ ಮಾತು ಹೇಳಿ, ಸ್ವಲ್ಪ ಹೊತ್ತು ಕಾದು ಹೋಗುತ್ತಿದ್ದರು. ಅವ್ವ ಒಮ್ಮೆಯೂ ಹೊರಗೆ ಬರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು.

ಆ ಎರಡು ವರ್ಷದ ಕಾಕಾನನ್ನು ನೆನೆಯುವುದು ನನಗೆ ಕಷ್ಟ. ಒಂದೇ ಕಣ್ಣಿಗೆ ದೂರ ತಿಳಿಯುತ್ತಿರಲಿಲ್ಲ. ಕೋಲು ಬೀಸಿದರೆ ಚೆಂಡಿನ ಮೇಲೆ ಗಾಳಿಯಲ್ಲಿ ಹೋಗುತ್ತಿತ್ತು, ಇಲ್ಲವೇ ಹಿಂದಿನ ನೆಲಕ್ಕೆ ಬಡಿಯುತ್ತಿತ್ತು. ಹೊಡೆಯುವುದು ಕಣ್ಣಿಗೇ ಬಂದಿದೆ ಅನ್ನುತ್ತಿದ್ದ ಮನುಷ್ಯ ಮೊದಲ ಕುಳಿಯ ಹತ್ತಿರ ನಿಂತು ಮೂರು, ನಾಲ್ಕು, ಐದು ಸಲ ಬೀಸುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ನಕ್ಕಿದ್ದರೇ ವಾಸಿಯಿತ್ತೋ ಏನೋ. ಆಮೇಲೆ ಆಡುವುದನ್ನು ಬಿಟ್ಟು ಬರೀ ಮರಳು ತಟ್ಟತೊಡಗಿದರು.

ಮೈದಾನವನ್ನು ಯಾರೂ ಪೆಟ್ಟಿನ ನೆಪದಿಂದ ಮುಚ್ಚಿಸಲಿಲ್ಲ. ಸುಳ್ಳು ಅಷ್ಟರಮಟ್ಟಿಗೆ ಕೆಲಸ ಮಾಡಿತು. ಮುಚ್ಚಿದ್ದು ಹೊಸ ಕ್ವಾರ್ಟರ್ಸಿಗಾಗಿ. ಒಂದು ಸೋಮವಾರ ಬುಲ್‌ಡೋಜರ್ ಬಂದು ಒಂಬತ್ತು ಕುಳಿಗಳನ್ನೂ ಮಧ್ಯಾಹ್ನದೊಳಗೆ ಎತ್ತಿ ಹಾಕಿತು. ಕಾಕಾ ಪಂಪ್‌ಹೌಸಿನಿಂದ ಹೊರಗೆ ಬಂದು ನೋಡಲಿಲ್ಲ. ಆ ವರ್ಷವೇ ಅವಧಿಗೆ ಮುಂಚೆ ಕೆಲಸ ಬಿಟ್ಟು, ಸಿಟಿಯ ಆ ತುದಿಗೆ, ಉಪ್ಪಲ್‌ನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ಹೋಗುವ ದಿನವೂ ನಮ್ಮ ಹೊಸ್ತಿಲಿಗೆ ಬಂದು ನಿಂತರು. ಅವತ್ತು ಕರೆಯಲು ಆಟವಿರಲಿಲ್ಲ. "ಬರ್ತೀನ್ರಿ ವೈನಿ" ಅಂದರು. ಅವ್ವ ಒಳಗಿನಿಂದ "ಹೂಂ" ಅಂದಳು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಾಗಿ ಬಹಳ ವರ್ಷಗಳ ಮೇಲೆ, ನನಗೆ ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೆ. ಸಿಟಿಯ ಕೋಠಿ ಬಜಾರಿನಲ್ಲಿ ಮಕ್ಕಳ ಪುಸ್ತಕ ಕೊಳ್ಳಲು ಹೋದವಳು, ಎದುರಿಗೆ ಬಂದ ಉಪ್ಪಲ್ ಬಸ್ಸು ಹತ್ತಿಬಿಟ್ಟೆ. ತಂಗಿ ನೀಲವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಅವರಿಗೊಂದು ಗೋಣಿಚೀಲ ಹಾಸಿಕೊಟ್ಟಿದ್ದರು. ಸೊರಗಿದ್ದರು. ಕೈ ಬೆಳ್ಳಗೆ, ಶುಭ್ರವಾಗಿತ್ತು. ಉಗುರಿನ ಸಂದಿಯಲ್ಲೂ ಕಪ್ಪಿರಲಿಲ್ಲ.

ನೀಲವ್ವ ಒಳಗೆ ಹೋದಾಗ ಇಷ್ಟು ವರ್ಷ ಅವರಿಗೆ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದೆ. "ಕಾಕಾ, ಅವತ್ತು ಡಾಕ್ಟರು ನನ್ನ ಬ್ಯಾರೆ ಕರದು ಕೇಳಿದ್ರು. ಇವತ್ತೇ ಸಿಟಿಗೆ ಕಳಸಬೇಕಾಗ್ತದ ಅಂದ್ರು. ಅಷ್ಟು ಕೇಳಿನೂ ನಾ ಖರೇ ಹೇಳಲಿಲ್ಲ."

ಅವರಿಗೆ ಈ ವಿಷಯ ಗೊತ್ತಿರಲಿಲ್ಲ ಅಂತ ಮುಖ ನೋಡಿದರೆ ತಿಳಿಯಿತು.

"ನೀ ಸಣ್ಣಾಕಿ ಇದ್ದಿ" ಅಂದರು. "ಹೇಳಿಕೊಟ್ಟವ ನಾನು. ನಿನ್ನ ಬಾಯಾಗ ಅದನ್ನ ಇಡಬಾರದಿತ್ತು. ಅದು ನನ್ನ ತಪ್ಪು."

ಗೋಣಿಚೀಲದ ಅಂಚು ಸರಿಮಾಡುತ್ತ ಹೇಳಿದರು: "ಕಣ್ಣು ಹೋಗಿದ್ದಕ್ಕ ಏನಿಲ್ಲ ಸುಮಿ. ಯಾದಕ್ಕ ಅಂತ ಸುಳ್ಳು ಹೇಳಿದ್ವೋ ಅದೂ ಆಗಲಿಲ್ಲ ನೋಡು, ಅದು ಭಾಳ ಕೊರೀತೈತಿ. ವೈನಿ ಈಗರ ಹೊರಗ ಬರ್ತಾರನು?"

"ಇಲ್ಲ ಕಾಕಾ."

ತಲೆಯಾಡಿಸಿದರು. ನೀಲವ್ವ ಛಾ ತಂದರು. ಆಮೇಲೆ ಜೋಳದ ಬಗ್ಗೆ, ಕುಷ್ಟಗಿಯ ಬಗ್ಗೆ ಮಾತಾಡಿದೆವು.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೂರನೆಯ ದಿನ. ಅಪ್ಪ ಅಷ್ಟರಲ್ಲಿ ತೀರಿಹೋಗಿದ್ದರು. ಅವ್ವ ನನ್ನ ಜೊತೆಗೇ ಇದ್ದಳು, ಅದೇ ಲಿಂಗಂಪಲ್ಲಿಯಲ್ಲಿ, ಹಿಂದಿನ ಕೋಣೆಯಲ್ಲಿ. ನನ್ನ ಮದುವೆ, ಅಪ್ಪನ ಆಸ್ಪತ್ರೆ ಬಿಟ್ಟರೆ ಅವಳು ಹೊರಗೆ ಹೋದದ್ದೇ ಇಲ್ಲ. ಸುದ್ದಿಯನ್ನು ಅವಳಿಗೆ ಹೇಳಿದೆ. ಅವ್ವ ಎದ್ದಳು. ಸೀರೆ ಬದಲಿಸಿಕೊಂಡು ಬಂದು, "ನನ್ನ ಚಪ್ಪಲಿ ಎಲ್ಲಿ ಅವ?" ಎಂದು ಕೇಳಿದಳು. ಅವಳಿಗೆ ಚಪ್ಪಲಿಯೇ ಇರಲಿಲ್ಲ. ನನ್ನವನ್ನೇ ಕೊಟ್ಟೆ.

ಎರಡು ಬಸ್ಸು ಬದಲಿಸಿ ಉಪ್ಪಲ್ ತಲುಪಿದಾಗ ಮಧ್ಯಾಹ್ನ. ಕಟ್ಟೆಯ ಮೇಲಿನ ಗೋಣಿಚೀಲ ತೆಗೆದಿದ್ದರು. ನೀಲವ್ವ ಬಾಗಿಲಿಗೆ ಬಂದರು. ಅವ್ವ ಕೂರಲಿಲ್ಲ. ನಿಂತೇ ಹೇಳಿದಳು:

"ನಿಮ್ಮಣ್ಣಾರ ಕಣ್ಣಿಗೆ ಚೆಂಡು ಹೊಡದಾಕಿ ನಾನ್ರಿ."

ನೀಲವ್ವ ಮುಖ ಗಂಟಿಕ್ಕಿ ನನ್ನ ಕಡೆ ನೋಡಿದರು. "ಟೊಂಗಿ ಬಡೀತು ಅಂದಿದ್ದ ನಮ್ಮಣ್ಣ."

"ಇಲ್ಲರಿ. ನಾನು."

ನೀಲವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಸಾಯೂತನಕ ನಮ್ಮ ಮುಂದ ಬಾಯಿ ಬಿಡಲಿಲ್ಲ ಅವ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅವ್ವನನ್ನು ಕೇಳಿದರು: "ಅವ ಇದ್ದಾಗ ಒಮ್ಮೆರ ಬಂದು ಮುಖ ತೋರಸಬಾರದಿತ್ತೇನ್ರಿ?"

"ಬರಬೇಕಿತ್ರಿ" ಅಂದಳು ಅವ್ವ.

ನೀಲವ್ವ ಒಳಗೆ ಹೋದರು. ನಾವು ಕಟ್ಟೆಯ ಮೇಲೆ ಕೂತೆವು. ಯಾರೂ ಹೊರಗೆ ಬರಲಿಲ್ಲ, ಹೋಗಿರಿ ಅಂತಲೂ ಅನ್ನಲಿಲ್ಲ. ಕಟ್ಟೆಯ ಮೇಲಿನ ಬಿಸಿಲು ಸರಿದು ಎದುರುಮನೆಯ ಗೋಡೆಗೆ ಹೋಗುವ ತನಕ ಕೂತಿದ್ದೆವು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು.

ಅವ್ವ ಎದ್ದಳು. ಬಾಗಿಲ ಹತ್ತಿರ ಹೋಗಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ "ಬರ್ತೀನ್ರಿ" ಅಂದಳು. ಪಾತ್ರೆಯ ಸದ್ದು ನಿಂತಿತು. ಅವ್ವ ಕಾದಳು. ಒಳಗಿನಿಂದ ಒಂದು "ಹೂಂ" ಕೂಡ ಬರಲಿಲ್ಲ.